ಸೋಲಲು ಬಿಡುವ ಆಟಗಳು

‘ಏಜ್ ಆಫ್ ಎಂಪೈರ್ಸ್’ ಆಡಿ ಪಳಗಿದ ಯಾರನ್ನಾದರೂ ಕೇಳಿ, ಕೋಟೆ ಹೋಗುವುದು ಗೋಡೆ ಒಡೆದಲ್ಲ, ಗೋಡೆಯಲ್ಲಿ ಒಂದು ಚೌಕ ಬಿಟ್ಟುಹೋಗಿ ಎನ್ನುತ್ತಾರೆ. ಊರ ಸುತ್ತ ಕಲ್ಲಿನ ಗೋಡೆ ಎಳೆದಿರುತ್ತೀರಿ, ಹೆಬ್ಬಾಗಿಲು ಕೂರಿಸಿರುತ್ತೀರಿ. ಒಂದು ಕಡೆ ದಟ್ಟ ಕಾಡಿದೆ, ಅಲ್ಲಿಗೆ ಗೋಡೆ ಯಾಕೆ ಎಂದು ಮರಗಳನ್ನೇ ನಂಬಿರುತ್ತೀರಿ. ಅರ್ಧ ಗಂಟೆ ಕಳೆದ ಮೇಲೆ ನಿಮ್ಮದೇ ಸೌದೆ ಕಡಿಯುವವನು ಆ ಕಾಡಿನ ಕೊನೆಯ ಮರಕ್ಕೆ ಕೊಡಲಿ ಹಾಕುತ್ತಾನೆ. ಅದುವರೆಗೆ ಗೋಡೆ ಸುತ್ತುತ್ತಲೇ ಇದ್ದ ಶತ್ರುವಿನ ಸವಾರ ಆ ಸಂದಿಯಲ್ಲಿ ಕುದುರೆ ನುಗ್ಗಿಸುತ್ತಾನೆ.

ಚಿತ್ರದುರ್ಗದ ಸೀಮೆಯವರಿಗೆ ಸಂದಿಯ ಕಥೆ ಹೊಸದಲ್ಲ. ಏಳು ಸುತ್ತಿನ ಕೋಟೆ, 19 ಹೆಬ್ಬಾಗಿಲು, ಹತ್ತಾರು ದಿಡ್ಡಿ ಬಾಗಿಲು. ಇಷ್ಟೆಲ್ಲ ಇದ್ದೂ ಹೈದರಾಲಿಯ ಸೈನಿಕರ ಕಣ್ಣಿಗೆ ಬಿದ್ದದ್ದು ಒಬ್ಬ ಮನುಷ್ಯ ತೆವಳಿಕೊಂಡು ನುಸುಳುವಷ್ಟು ಕಿಂಡಿ. ಕಾವಲಿನ ಕಹಳೆಯ ಮುದ್ದಹನುಮ ಊಟಕ್ಕೆ ಕೂತಿದ್ದಾಗ ನೀರಿಗೆ ಬಂದ ಅವನ ಹೆಂಡತಿ ಓಬವ್ವ ಆ ಕಿಂಡಿಯ ಬಾಯಿಗೆ ಒನಕೆ ಹಿಡಿದು ನಿಂತಳು. ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆ. ಆದರೆ ಗೇಮ್ ಆಡುವವಳಾಗಿ ಅಲ್ಲಿ ನಿಂತಾಗ ನನಗೆ ಕಾಣುವುದು ಅವಳ ಲೆಕ್ಕ. ಹೊರಗೆ ಎಷ್ಟು ಸಾವಿರ ಜನ ಇರಲಿ, ಕಿಂಡಿಯೊಳಗೆ ಒಮ್ಮೆಗೆ ಒಬ್ಬನೇ. ತಲೆ ಮೊದಲು ಹೊರಬರುತ್ತದೆ, ಕೈ ಆಮೇಲೆ. ಹಾಗಾಗಿ ಆಯುಧ ಎತ್ತುವ ಮೊದಲೇ ಪೆಟ್ಟು ಬೀಳುತ್ತದೆ. ಬಿದ್ದವನನ್ನು ತಕ್ಷಣ ಪಕ್ಕಕ್ಕೆ ಎಳೆಯದಿದ್ದರೆ ಹಿಂದಿನವನಿಗೆ ಸುಳಿವು ಸಿಕ್ಕಿಬಿಡುತ್ತದೆ. ಅವಳು ಎಳೆದಳು. ‘ಕೌಂಟರ್-ಸ್ಟ್ರೈಕ್’ ಆಡುವ ಹುಡುಗರು ‘ಡಸ್ಟ್ 2’ ಮ್ಯಾಪಿನ ಬಾಗಿಲುಗಳ ಹಿಂದೆ ಉಸಿರು ಬಿಗಿಹಿಡಿದು ಕಾಯುವುದೂ ಇದೇ ಲೆಕ್ಕದ ಮೇಲೆ.

ಇಷ್ಟಾದರೂ ಕೋಟೆ 1779ರಲ್ಲಿ ಬಿತ್ತು. ನಮ್ಮ ಕಡೆ ಓಬವ್ವನ ಗೆಲುವನ್ನೂ ದುರ್ಗವನ್ನು ಆಳುತ್ತಿದ್ದ ಮದಕರಿ ನಾಯಕನ ಸೋಲನ್ನೂ ಒಂದೇ ಕಥೆಯಾಗಿ ಹೇಳುತ್ತಾರೆ, ಎರಡರಲ್ಲಿ ಒಂದನ್ನು ಬಿಡುವುದಿಲ್ಲ. ಆ ಗಾಳಿಯಲ್ಲಿ ಬೆಳೆದದ್ದಕ್ಕೋ ಏನೋ, ಗೇಮ್ ಯಾವ ಜಾತಿಯದೇ ಆಗಿರಲಿ, ಕೋಟೆ ಆಟ, ಓಟದ ಆಟ, ಬೇಸಾಯದ ಆಟ, ಗುಂಡು ಹಾರಿಸುವ ಆಟ, ನಾನು ಅದನ್ನು ತೂಗುವುದು ಒಂದೇ ಪ್ರಶ್ನೆಯಿಂದ: ಸೋತಾಗ ಅದು ನನ್ನನ್ನು ಹೇಗೆ ನಡೆಸಿಕೊಳ್ಳುತ್ತದೆ?

ಹೊಳಲ್ಕೆರೆಯ ನಮ್ಮ ಸೋದರಮಾವನ ಮನೆಗೆ ಟಿವಿ ಗೇಮ್ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಜಪಾನಿನ ನಿಂಟೆಂಡೊ ಯಂತ್ರದ ನಕಲು ಅದು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಅಚ್ಚು ಹಾಕಿರುತ್ತಿದ್ದರು. ಒಳಗೆ ಇರುತ್ತಿದ್ದದ್ದು ಹತ್ತಾರು, ಅವೇ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ. ನಮ್ಮ ಮನೆಯ ಮಕ್ಕಳೆಲ್ಲ ಜಗಳವಾಡುತ್ತಿದ್ದದ್ದು ‘ಬ್ಯಾಟಲ್ ಸಿಟಿ’ಗೆ. ಟ್ಯಾಂಕ್ ಆಟ ಎಂದರೆ ಈಗಲೂ ಎಲ್ಲರಿಗೂ ನೆನಪಾಗುತ್ತದೆ. ಪರದೆಯ ಕೆಳಗೆ ನಡುಮಧ್ಯದಲ್ಲಿ ಒಂದು ಹದ್ದು, ಅದರ ಸುತ್ತ ಇಟ್ಟಿಗೆ ಗೋಡೆ. ಒಂದೊಂದು ಹಂತದಲ್ಲೂ 20 ಶತ್ರು ಟ್ಯಾಂಕ್‌ಗಳು ಮೇಲಿನಿಂದ ಇಳಿದು ಬರುತ್ತವೆ. ಹದ್ದಿಗೆ ಒಂದು ಗುಂಡು ತಗುಲಿದರೆ ಮುಗಿಯಿತು, ನಿಮ್ಮ ಬಳಿ ಎಷ್ಟು ಲೈಫು ಉಳಿದಿದ್ದರೂ ಮುಗಿಯಿತು. ಆ ಗುಂಡು ನಿಮ್ಮದೇ ಆಗಿರಬಹುದು. ನಿಮ್ಮ ಜೊತೆ ಆಡುತ್ತಿರುವ ತಮ್ಮನದೂ ಆಗಿರಬಹುದು. 1985ರಲ್ಲಿ ನಾಮ್ಕೊ ಕಂಪನಿ ಮಾಡಿದ ಆ ಪುಟ್ಟ ಆಟದ ಈ ನಿಯಮವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಕಾಪಾಡಬೇಕಾದದ್ದನ್ನು ಕಾಪಾಡುವವರೇ ಕಳೆಯಬಲ್ಲರು ಎಂಬುದನ್ನು ಅದು ಒಂದು ಮಾತೂ ಆಡದೆ ಮಕ್ಕಳ ಕೈಗೆ ಕಲಿಸಿತು.

ಅದರಲ್ಲಿ ನಾವೇ ಮ್ಯಾಪ್ ಕಟ್ಟುವ ಅವಕಾಶವೂ ಇತ್ತು. 13 ಮನೆ ಅಗಲ, 13 ಮನೆ ಉದ್ದದ ಬಯಲು, ಇಟ್ಟಿಗೆ, ಉಕ್ಕು, ನೀರು, ಪೊದೆ. ಹದ್ದಿನ ಸುತ್ತ ಏಳು ಸುತ್ತು ಕಟ್ಟಬೇಕೆಂದು ನಮ್ಮ ಹಟ. ಟ್ಯಾಂಕ್ ಓಡಾಡಲು ಒಂದು ಮನೆ ಜಾಗ ಬಿಡಲೇಬೇಕಲ್ಲ, ಹಾಗಾಗಿ ಮೂರು ಸುತ್ತಿಗೇ ಪರದೆ ಮುಗಿದುಹೋಗುತ್ತಿತ್ತು. ಕಟ್ಟಿದ್ದನ್ನು ಉಳಿಸಿಡಲು ಸೇವ್ ಎಂಬುದು ಇರಲಿಲ್ಲ. ಕರೆಂಟು ಹೋದರೆ ಕೋಟೆಯೂ ಹೋಯಿತು. ಆಗ ಕರೆಂಟು ಹೋಗದ ಸಂಜೆಯೇ ಇರುತ್ತಿರಲಿಲ್ಲವಾದ್ದರಿಂದ ನಾವು ಬೇಗ ಬೇಗ ಕಟ್ಟುವುದನ್ನು ಕಲಿತೆವು.

‘ಕಾಂಟ್ರಾ’ದ ಮಾತು ಬೇರೆ. ಒಂದು ಗುಂಡು ತಗುಲಿದರೆ ಸಾವು, ಇರುವುದು ಮೂರೇ ಲೈಫು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಗುಂಡಿ ಒತ್ತಿದರೆ ಮೂವತ್ತು ಲೈಫು ಸಿಗುತ್ತಿತ್ತು. ಈ ಗುಟ್ಟನ್ನು ಇಟ್ಟವರು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ. ‘ಗ್ರೇಡಿಯಸ್’ ಎಂಬ ಇನ್ನೊಂದು ಆಟವನ್ನು ಪರೀಕ್ಷಿಸುವಾಗ ಅದು ಅವರಿಗೇ ಕಷ್ಟವಾಗಿ, ತಮ್ಮ ಅನುಕೂಲಕ್ಕೆ ಸೇರಿಸಿಕೊಂಡ ಕೀಲಿ ಅದು. ಆಟ ಮಾಡಿದವರಿಗೇ ಆಡಲಾಗದಷ್ಟು ಕಠಿಣ! ಆ ಕಾಲದ ಅನೇಕ ಆಟಗಳ ದೋಷ ಇದು. ಸೋಲಿಗೆ ಕಾರಣ ತಿಳಿಯದಿದ್ದರೆ ಆ ಸೋಲಿನಿಂದ ಏನೂ ಸಿಗುವುದಿಲ್ಲ. ‘ಮಾರಿಯೊ’ದಲ್ಲಿ ಹಾಗಲ್ಲ, ಗುಂಡಿಗೆ ಬಿದ್ದಾಗ ಎಲ್ಲಿ ಎಡವಿದೆವು ಎಂಬುದು ಬೀಳುತ್ತಿರುವಾಗಲೇ ಗೊತ್ತಾಗಿರುತ್ತದೆ.

ಕಾಲೇಜಿಗೆ ದುರ್ಗಕ್ಕೆ ಬಂದಾಗ ಕಂಪ್ಯೂಟರ್ ಸೆಂಟರುಗಳ ಕಾಲ. ಗಂಟೆಗಿಷ್ಟು ಎಂದು ಕೊಟ್ಟು ಕೂರುತ್ತಿದ್ದ ಕೋಣೆಯಲ್ಲಿ ಬಹಳ ಸಲ ನಾನೊಬ್ಬಳೇ ಹುಡುಗಿ. ‘ವೈಸ್ ಸಿಟಿ’ಯಲ್ಲಿ ಕಾರು ಕದಿಯುವವರ, ‘ರೋಡ್ ರ‍್ಯಾಶ್’ನಲ್ಲಿ ಬೈಕಿನ ಮೇಲಿಂದ ಒದೆಯುವವರ ಗಲಾಟೆಯ ನಡುವೆ ಮೂಲೆಯ ಯಂತ್ರದಲ್ಲಿ ನಾನು ಗೋಡೆ ಕಟ್ಟುತ್ತಿದ್ದೆ. ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಭಾಗ 1999ರಲ್ಲಿ ಬಂದದ್ದು. ಇವತ್ತಿಗೂ ಆಡುವವರಿದ್ದಾರೆ. 2022ರಲ್ಲಿ ಅದಕ್ಕೆ ಸೇರಿದ ‘ಡೈನಾಸ್ಟೀಸ್ ಆಫ್ ಇಂಡಿಯಾ’ದಲ್ಲಿ ಉರುಮಿ ಬೀಸುವ ದ್ರಾವಿಡ ಕಾಲಾಳುಗಳೂ ಬಂದರು. ನನಗೆ ಪ್ರಿಯವಾದ ಆಟ. ಆದರೂ ಅದರ ಮೇಲೆ ಒಂದು ತಕರಾರು ಮೊದಲಿನಿಂದಲೂ ಇದೆ: ಅಲ್ಲಿನ ಸೈನಿಕರು ಉಣ್ಣುವುದಿಲ್ಲ. ಸೈನಿಕನನ್ನು ಹುಟ್ಟಿಸುವಾಗ ಒಮ್ಮೆ ಧಾನ್ಯ ಕೊಟ್ಟರೆ ಸಾಕು, ಆಮೇಲೆ ಎಷ್ಟು ಕಾಲ ಮುತ್ತಿಗೆ ಹಾಕಿದರೂ ಒಳಗಿನವರಿಗೂ ಹೊರಗಿನವರಿಗೂ ಹಸಿವಿಲ್ಲ. ದುರ್ಗದ ಬೆಟ್ಟ ಹತ್ತಿದವರು ಇದನ್ನು ಒಪ್ಪಲಾರರು. ಅಲ್ಲಿ ನಿಮಗೆ ಗೋಡೆಗಿಂತ ಹೆಚ್ಚು ಕಾಣಸಿಗುವುದು ಕಣಜ, ಹೊಂಡ, ಮದ್ದು ಅರೆಯುವ ದೈತ್ಯ ಬೀಸುಕಲ್ಲುಗಳು. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಒಂದರ ನೀರು ತುಂಬಿ ಇನ್ನೊಂದಕ್ಕೆ ಇಳಿಯುವ ಹಾಗೆ ಮಾಡಿದ ಏರ್ಪಾಡು. ನೀರು ಇರುವಷ್ಟು ದಿನ ಕೋಟೆ, ಅನ್ನ ಇರುವಷ್ಟು ದಿನ ಸೈನ್ಯ.

ಈ ವಿಷಯದಲ್ಲಿ 2001ರ ‘ಸ್ಟ್ರಾಂಗ್‌ಹೋಲ್ಡ್’ ಹೆಚ್ಚು ಪ್ರಾಮಾಣಿಕ. ಅಲ್ಲಿ ಕಣಜ ಬರಿದಾಗುತ್ತದೆ. ಪಡಿ ಅರ್ಧಕ್ಕೆ ಇಳಿಸಿದರೆ ಕಾಳು ಉಳಿಯುತ್ತದೆ, ಆದರೆ ಜನರಿಗೆ ನಿಮ್ಮ ಮೇಲಿನ ಪ್ರೀತಿ ಇಳಿಯುತ್ತದೆ. ಪ್ರೀತಿ ಇಳಿದರೆ ಅವರು ಒಬ್ಬೊಬ್ಬರಾಗಿ ಊರು ಬಿಡುತ್ತಾರೆ. ಗೋಡೆ ಗಟ್ಟಿಯಾಗಿಯೇ ಇರುತ್ತದೆ, ಒಳಗೆ ಬಿಲ್ಲು ಮಾಡುವವನಿರುವುದಿಲ್ಲ, ರೊಟ್ಟಿ ಸುಡುವವನಿರುವುದಿಲ್ಲ. ನೀರಿನ ವಿಷಯಕ್ಕೆ ಬಂದರೆ ಅದೂ ಸೋಲುತ್ತದೆ. ಅಲ್ಲಿ ಬಾವಿ ಇರುವುದು ಬೆಂಕಿ ಆರಿಸಲು ಮಾತ್ರ.

ಕೋಟೆಯ ಬಂಡೆಗಳ ಮಾತು ಬಂದಾಗ ಹತ್ತುವ ಆಟಗಳ ಬಗ್ಗೆಯೂ ಹೇಳಬೇಕು. ‘ಅಸ್ಸಾಸಿನ್ಸ್ ಕ್ರೀಡ್’ 2007ರಲ್ಲಿ ಬಂದಾಗ ಜಗತ್ತೇ ಬೆರಗಾಯಿತು. ಡಮಾಸ್ಕಸ್ಸಿನ ಗೋಪುರ, ಜೆರುಸಲೇಮಿನ ಗೋಡೆ, ಯಾವುದನ್ನು ಬೇಕಾದರೂ ಹತ್ತಬಹುದು. ನಾನೂ ಹತ್ತಿದೆ, ಸ್ವಲ್ಪ ಹೊತ್ತಿಗೇ ಬೇಸರವಾಯಿತು. ಗುಂಡಿ ಒತ್ತಿ ಹಿಡಿದರೆ ಸಾಕು, ಆ ಅಲ್ತಾಯಿರ್ ಎಂಬ ವೀರನ ಕೈ ಜಾರುವುದೇ ಇಲ್ಲ. ನಮ್ಮ ಕೋಟೆಯಲ್ಲಿ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಹಗ್ಗವಿಲ್ಲದೆ ಬರಿಗೈಯಲ್ಲಿ ಗೋಡೆ ಏರುವುದನ್ನು ನೋಡಿದವರಿಗೆ ಗೊತ್ತು, ಕಣ್ಣು ಅವರ ದೇಹದ ಮೇಲೆ ನಿಲ್ಲುವುದಿಲ್ಲ, ಬೆರಳ ತುದಿಯ ಮೇಲೆ ನಿಲ್ಲುತ್ತದೆ. ಎರಡು ಕಲ್ಲುಗಳ ನಡುವಿನ ಸಂದಿಗೆ ಬೆರಳು ಸಿಕ್ಕಿಸಿ, ಒಮ್ಮೆ ಒತ್ತಿ ನೋಡಿ, ಆಮೇಲಷ್ಟೇ ಭಾರ ಬಿಡುತ್ತಾರೆ. ಆ ಒತ್ತಿ ನೋಡುವ ಕ್ಷಣವೇ ಹತ್ತುವುದರ ಸಾರ. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಮೆಟ್ಟಿಲು. 2023ರ ‘ಜುಸಾಂಟ್’ ಇದನ್ನು ಅರ್ಥ ಮಾಡಿಕೊಂಡಿದೆ. ಎಡಗೈಗೆ ಒಂದು ಗುಂಡಿ, ಬಲಗೈಗೆ ಒಂದು ಗುಂಡಿ, ಎರಡನ್ನೂ ಬಿಟ್ಟರೆ ಹಗ್ಗದಲ್ಲಿ ತೂಗಾಡುತ್ತೀರಿ. 2018ರ ‘ಸೆಲೆಸ್ಟ್’ ಇನ್ನೂ ಮುಂದೆ ಹೋಗುತ್ತದೆ. ಮಡೆಲಿನ್ ಎಂಬ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ, ನೂರಾರು ಸಲ ಸಾಯುತ್ತಾಳೆ, ಸತ್ತ ಮರುಕ್ಷಣ ಅದೇ ಜಾಗದಲ್ಲಿ ಎದ್ದು ನಿಲ್ಲುತ್ತಾಳೆ. ಎಷ್ಟು ಸಲ ಸತ್ತಿರಿ ಎಂದು ಆಟ ಲೆಕ್ಕ ಇಡುತ್ತದೆ, ಆ ಲೆಕ್ಕದ ಬಗ್ಗೆ ಹೆಮ್ಮೆಪಡಿ ಎಂದೂ ಹೇಳುತ್ತದೆ. ಪರೀಕ್ಷೆಯಲ್ಲಿ ಫೇಲಾದ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಯಾರೂ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಕ್ರಿಕೆಟ್ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಇಎ ಕ್ರಿಕೆಟ್ 07’ ನಮ್ಮ ತಲೆಮಾರಿನ ಪ್ರೀತಿ. ಅದರ ನಂತರ ಆ ಕಂಪನಿ ಕ್ರಿಕೆಟ್ ಮಾಡಲೇ ಇಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟು ಉಳಿದ ತಂಡಗಳ ಆಟಗಾರರ ಹೆಸರನ್ನು ಪರವಾನಗಿ ಇಲ್ಲದೆ ತಿರುಚಿದ್ದರು. ದ್ರಾವಿಡ್, ಕುಂಬ್ಳೆಯ ಹೆಸರು ಸರಿಪಡಿಸಲು ಅಭಿಮಾನಿಗಳೇ ಕೂತು ಕಡತ ತಿದ್ದಿದರು. ಈಗ ಮೊಬೈಲಿನಲ್ಲಿ ಚೆನ್ನೈನ ನೆಕ್ಸ್ಟ್‌ವೇವ್ ಕಂಪನಿಯ ‘ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್’ ಇದೆ, ಚೆನ್ನಾಗಿಯೇ ಇದೆ. ನನ್ನ ಕೊರಗು ಒಂದೇ. ಇವುಗಳಲ್ಲೆಲ್ಲ ಸಿಕ್ಸರ್ ಸುಲಭ, ಚೆಂಡು ಬಿಡುವುದರಲ್ಲಿ ಸುಖವಿಲ್ಲ. ದಿನವಿಡೀ ನಿಂತು ಪಂದ್ಯ ಉಳಿಸಿಕೊಳ್ಳುವ ದ್ರಾವಿಡರ ಆ ಮುಖವನ್ನು ಯಾವ ಗೇಮೂ ಇನ್ನೂ ಹಿಡಿದಿಲ್ಲ.

ಬಸ್ಸಿನ ಆಟ ಮಾತ್ರ ನನ್ನನ್ನು ಅಚ್ಚರಿಗೊಳಿಸಿತು. ‘ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ’ ಎಂಬ ಆಟ 2017ರಲ್ಲಿ ಮೊಬೈಲಿಗೆ ಬಂತು. ಬಸ್ಸಿಗೆ ಬೇಕಾದ ಬಣ್ಣ ಬಳಿಯಲು ಅದು ಬಿಟ್ಟುಕೊಡುತ್ತದೆ. ಸರಿ, ನಮ್ಮ ಹುಡುಗರು ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು ಮಾಡಿದರು, ಐರಾವತ ಮಾಡಿದರು, ಖಾಸಗಿ ಬಸ್ಸುಗಳನ್ನು ಹಣೆಪಟ್ಟಿ ಸಮೇತ ಮಾಡಿದರು. ಹೊಸದುರ್ಗದ ನನ್ನ ಅಕ್ಕನ ಮಗನ ಮೊಬೈಲಿನಲ್ಲಿ ಕನ್ನಡದ ಬೋರ್ಡು ಹೊತ್ತ ಬಸ್ಸು ಜಾವಾ ದ್ವೀಪದ ಭತ್ತದ ಗದ್ದೆಗಳ ನಡುವೆ ಓಡುತ್ತಿರುತ್ತದೆ. ಅವನು ಜೋರಾಗಿ ಓಡಿಸುವುದಿಲ್ಲ. ಸ್ಟಾಪ್ ಬಂದರೆ ಇಂಡಿಕೇಟರ್ ಹಾಕಿ ಎಡಕ್ಕೆ ತಂದು ನಿಲ್ಲಿಸುತ್ತಾನೆ, ಜನ ಹತ್ತಿದ ಮೇಲೆ ಬಾಗಿಲು ಹಾಕುತ್ತಾನೆ. ಕಂಡಕ್ಟರನ ಸೀಟಿಯನ್ನು ಬಾಯಲ್ಲೇ ಊದುತ್ತಾನೆ. ಗೇಮ್ ಆಡುವ ಮಕ್ಕಳು ಹಿಂಸೆಯನ್ನಷ್ಟೇ ಕಲಿಯುತ್ತಾರೆ ಎನ್ನುವವರು ಅವನ ಪಕ್ಕ ಸ್ವಲ್ಪ ಹೊತ್ತು ಕೂರಬೇಕು. ಹಿರಿಯೂರಿನ ಮೇಲೆ ಹಾದುಹೋಗುವ ಹೆದ್ದಾರಿ 48ರಲ್ಲಿ ನಿಜವಾದ ಗಾಡಿಗಳು ಅಷ್ಟು ಶಿಸ್ತಿನಿಂದ ಓಡಿದರೆ ಎಷ್ಟು ಜೀವ ಉಳಿದಾವು!

ಬೇಸಾಯದ ಆಟಗಳ ಮೇಲೆ ನನಗೆ ನಿಜವಾದ ಸಿಟ್ಟಿದೆ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ‘ಫಾರ್ಮ್‌ವಿಲ್’ ಬಂದಾಗ ಬೆಂಗಳೂರಿನ ಕಚೇರಿಗಳಲ್ಲಿ ಕೂತವರು ಕ್ಯಾರೆಟ್ ಬೆಳೆದರು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು, ಆದರೆ ಕಾಸು ಕೊಟ್ಟರೆ ಒಣಗಿದ್ದು ಮತ್ತೆ ಚಿಗುರುತ್ತಿತ್ತು. ‘ಹೇ ಡೇ’ಯಲ್ಲಿ ಅದೂ ಇಲ್ಲ, ಬೆಳೆ ಒಣಗುವುದೇ ಇಲ್ಲ, ಬೇಗ ಬೆಳೆಯಲು ವಜ್ರ ಕೊಳ್ಳಬೇಕು ಅಷ್ಟೆ. ಎರಿಕ್ ಬರೋನ್ ಎಂಬಾತ ವರ್ಷಗಟ್ಟಲೆ ಒಬ್ಬನೇ ಕೂತು ಮಾಡಿ 2016ರಲ್ಲಿ ಹೊರತಂದ ‘ಸ್ಟಾರ್‌ಡ್ಯೂ ವ್ಯಾಲಿ’ ಇವೆಲ್ಲಕ್ಕಿಂತ ಬಹಳ ಮೇಲು. ಅಲ್ಲಿ ಋತುಗಳಿವೆ, 28 ದಿನಕ್ಕೊಂದು. ಋತು ತಪ್ಪಿದ ಬೆಳೆ ಸಾಯುತ್ತದೆ. ಊರಿನ ಜನರಿಗೆ ಸ್ವಭಾವವಿದೆ, ದುಃಖವಿದೆ. ಆದರೂ ಅಲ್ಲಿ ಬರಗಾಲವಿಲ್ಲ. ಕೊಡ ಬರಿದಾದರೆ ಪಕ್ಕದ ಕೊಳಕ್ಕೆ ಹೋಗಿ ತುಂಬಿಕೊಳ್ಳಬಹುದು, ಕೊಳ ಎಂದೂ ಬತ್ತುವುದಿಲ್ಲ. ಸ್ವಿಟ್ಜರ್ಲೆಂಡಿನ ‘ಫಾರ್ಮಿಂಗ್ ಸಿಮ್ಯುಲೇಟರ್’ನಲ್ಲಿ ಟ್ರ್ಯಾಕ್ಟರಿನ ಒಂದೊಂದು ನಟ್ಟೂ ಸರಿಯಾಗಿದೆ. ಅಡಿಕೆ ಇಲ್ಲ, ತೆಂಗಿಲ್ಲ, ಬೋರ್‌ವೆಲ್ ಇಲ್ಲ.

ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಬೇಸಾಯವೆಂದರೆ ನೆಲದಡಿಯ ನೀರಿನ ಜೊತೆ ನಡೆಯುವ ಜೂಟಾಟ. ತೋಟ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದ ಬೇಸಿಗೆಗಳನ್ನು ಇಲ್ಲಿನ ಅಡಿಕೆ ಬೆಳೆಗಾರರು ಮರೆತಿಲ್ಲ. ಇದನ್ನು ಯಾರಾದರೂ ಗೇಮ್ ಮಾಡಿದ್ದರೆ! ನಿಯಮಗಳೆಲ್ಲ ಸಿದ್ಧವಾಗಿಯೇ ಇವೆ. ಪಾಯಿಂಟ್ ನೋಡುವವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ, ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ. ರಿಗ್ ಲಾರಿ ಬರುತ್ತದೆ. ಮೊದಲ ಮುನ್ನೂರು ಅಡಿಗೆ ಒಂದು ದರ, ಆಮೇಲೆ ಆಳಕ್ಕೆ ಹೋದ ಹಾಗೆ ಅಡಿಯ ದರವೂ ಏರುತ್ತದೆ. ಬಿಳಿ ಪುಡಿ ಹಾರುತ್ತಿದೆ, ಒಣಗಿದ ಬಂಡೆ. ಐನೂರು ಅಡಿಗೆ ಪುಡಿ ಸ್ವಲ್ಪ ತೇವ. ನಿಲ್ಲಿಸಿದರೆ ಇದುವರೆಗೆ ಹಾಕಿದ ದುಡ್ಡು ಮಣ್ಣು. ಮುಂದುವರಿದರೆ ಮಗಳ ಮದುವೆಗೆಂದು ಎತ್ತಿಟ್ಟದ್ದಕ್ಕೆ ಕೈ ಹಾಕಬೇಕು. ರಿಗ್ಗಿನವನು ಮುಖ ನೋಡುತ್ತಾನೆ, ಇನ್ನೊಂದು ರಾಡ್ ಇಳಿಸಲಾ ಎಂದು. ಇಷ್ಟು ಬಿಗಿಯಾದ ಕ್ಷಣವನ್ನು ನಾನು ಯಾವ ಹೆಸರಾಂತ ಗೇಮಿನಲ್ಲೂ ಆಡಿಲ್ಲ. ನೀರು ಬಿದ್ದರೂ ಪಕ್ಕದ ಹೊಲದವನ ಬೋರು ಒಣಗಿರುತ್ತದೆ, ಗೆದ್ದವನಿಗೆ ಆ ಭಾರವೂ ಇರುತ್ತದೆ.

ಊರು ಕಟ್ಟುವ ‘ಸಿಟೀಸ್: ಸ್ಕೈಲೈನ್ಸ್’ನಲ್ಲಿ ನಾನು ಅಣೆಕಟ್ಟು ಕಟ್ಟಿದ್ದೇನೆ. ಜಾಗ ತಪ್ಪಿದರೆ ಹಿಂದೆ ಊರು ಮುಳುಗುತ್ತದೆ, ಮುಂದೆ ಹೊಳೆ ಒಣಗುತ್ತದೆ. ಅಷ್ಟು ಮಟ್ಟಿಗೆ ಸತ್ಯವಿದೆ. ಆದರೆ ಹಿರಿಯೂರಿನ ಮಾರಿಕಣಿವೆಯ ಕಾಲಮಾನ ಅದಕ್ಕೆ ನಿಲುಕದು. 1907ರ ಹೊತ್ತಿಗೆ ಅಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ತಲೆಮಾರುಗಳೇ ಖಾಲಿ ಅಂಗಳ ನೋಡುತ್ತಾ ಬದುಕಿದವು. 130 ಅಡಿ ತುಂಬಿ ನೀರು ಹೊರಗೆ ಹರಿದ ದಿನಗಳಲ್ಲಿ ಅಜ್ಜಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು ತೋರಿಸಿದರು.

ಇನ್ನು ‘ಪಬ್‌ಜಿ’. ನಮ್ಮ ಜಿಲ್ಲೆಯ ಯಾವ ಹಳ್ಳಿಯ ಅರಳಿಕಟ್ಟೆಗೆ ಹೋದರೂ ಝೋನ್, ಲೂಟ್, ರಿವೈವ್ ಎಂಬ ಮಾತುಗಳು ಕಿವಿಗೆ ಬೀಳುತ್ತಿದ್ದ ಕಾಲವಿತ್ತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಸೇರಿತ್ತು. ಮರುವರ್ಷ ಜುಲೈಯಲ್ಲಿ ‘ಬಿಜಿಎಂಐ’ ಎಂಬ ಹೆಸರಿನಲ್ಲಿ ಬಂತು, 2022ರಲ್ಲಿ ಮತ್ತೆ ಹೋಯಿತು, 2023ರಲ್ಲಿ ಮತ್ತೆ ಬಂತು. ಅದರ ಮೂಲ ಕಲ್ಪನೆ ನನಗೆ ಇಷ್ಟ. ನೂರು ಜನ ಇಳಿಯುತ್ತಾರೆ, ಉಳಿಯುವುದು ಒಬ್ಬರು, ಇಲ್ಲವೇ ಒಂದು ತಂಡ. ಉಳಿದವರಿಗೆಲ್ಲ ಸೋಲೇ ಸಹಜ ಎಂದು ಒಪ್ಪಿಕೊಂಡೇ ಆಟ ಶುರುವಾಗುತ್ತದೆ. ಹುಲ್ಲಿನಲ್ಲಿ ಮಲಗಿ ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳುವ ತಾಳ್ಮೆ, ಗುಂಡು ತಿಂದು ತೆವಳುತ್ತಿರುವ ಗೆಳೆಯನನ್ನು ಎಬ್ಬಿಸಲು ಬಯಲಿಗೆ ಓಡುವ ಧೈರ್ಯ, ಇವು ಸುಳ್ಳಲ್ಲ. ಲಾಕ್‌ಡೌನಿನಲ್ಲಿ ಒಬ್ಬರನ್ನೊಬ್ಬರು ನೋಡಲಾಗದ ಗೆಳೆಯರು ಅಲ್ಲಿ ಸೇರಿ ಮಾತಾಡಿಕೊಂಡದ್ದನ್ನು ಹತ್ತಿರದಿಂದ ಕಂಡಿದ್ದೇನೆ.

ಕೆಟ್ಟದ್ದು ಬೇರೆ ಕಡೆ ಇದೆ. ಹೊಸಬರು ಬಂದಾಗ ಮೊಬೈಲಿನ ಈ ಆಟ ಮನುಷ್ಯರ ಬದಲು ಬಾಟ್‌ಗಳನ್ನು ತುಂಬಿಬಿಡುತ್ತದೆ. ಗುರಿ ಇಡಲು ಬಾರದ, ನಿಂತಲ್ಲೇ ಸಾಯುವ ಯಂತ್ರದ ಗೊಂಬೆಗಳು. ಹುಡುಗ ಮೊದಲ ದಿನವೇ ಹತ್ತು ಜನರನ್ನು ಹೊಡೆದು ಗೆಲ್ಲುತ್ತಾನೆ. ಆ ಗೆಲುವು ಅವನದಲ್ಲ, ಅವನು ಬಿಟ್ಟುಹೋಗದಿರಲೆಂದು ಕೊಟ್ಟದ್ದು. ನಿಜವಾದ ಸೋಲು ಎದುರಾಗುವ ಹೊತ್ತಿಗೆ ಅವನು ಅಂಟಿಕೊಂಡಿರುತ್ತಾನೆ, ಆಗ ಬಣ್ಣದ ಅಂಗಿ, ಹೊಳೆಯುವ ಬಂದೂಕು, ತೆರೆದು ನೋಡಬೇಕಾದ ಪೆಟ್ಟಿಗೆ ಎಂದು ಅಂಗಡಿ ತೆರೆದುಕೊಳ್ಳುತ್ತದೆ. ಸೋಲನ್ನು ಮರೆಮಾಚುವ ಆಟ ಹೀಗೆ ಮಕ್ಕಳನ್ನು ಹಿಡಿದಿಡುತ್ತದೆ. ನಿಮ್ಹಾನ್ಸ್ 2014ರಲ್ಲೇ ಬೆಂಗಳೂರಿನಲ್ಲಿ ‘ಶಟ್’ ಕ್ಲಿನಿಕ್ ತೆರೆದು ಇಂಥ ಮಕ್ಕಳನ್ನು ನೋಡುತ್ತಿದೆ. ಅಪ್ಪ-ಅಮ್ಮಂದಿರು ಮೊಬೈಲ್ ಕಸಿಯುವ ಮೊದಲು ಅಲ್ಲಿಗೆ ಹೋಗಲಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಮಗುವಿನ ಎದುರಿಗಿರುವುದು ಬಿಡಿಸಿಕೊಳ್ಳಲಾಗದಂತೆ ಲೆಕ್ಕಹಾಕಿ ಹೆಣೆದ ಬಲೆ, ಅದನ್ನು ಗದರಿಕೆಯಿಂದ ಹರಿಯಲಾಗದು.

ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಆಟಗಳನ್ನು ನಾನು ಗೇಮ್ ಎಂದೇ ಕರೆಯುವುದಿಲ್ಲ. ಅಲ್ಲಿ ಸೋಲೇ ಸರಕು. ಹಬ್ಬದ ಮೂರು ದಿನ ಕಟ್ಟೆಯ ಮೇಲೆ ಇಸ್ಪೀಟು ಹಾಕಿ ನಾಲ್ಕನೆಯ ದಿನ ಹೊಲಕ್ಕೆ ಹೋಗುತ್ತಿದ್ದವರ ಜೇಬಿಗೆ ಈ ಆಟಗಳು ವರ್ಷವಿಡೀ ಹಬ್ಬವನ್ನು ತಂದಿಟ್ಟವು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ ಇಟ್ಟಿತು. ಆಡಿದವರಿಗೆ ಶಿಕ್ಷೆಯಿಲ್ಲ. ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಎರಡನ್ನೂ ಬೇರೆ ಮಾಡಿದ ಈ ಗೆರೆ ಎಂದೋ ಎಳೆಯಬೇಕಿತ್ತು.

ನಮ್ಮಲ್ಲಿ ಸೋಲಿನ ನಿಯಮ ಬಲ್ಲವರು ಮೊದಲಿನಿಂದಲೂ ಇದ್ದರು. ಚೌಕಾಬಾರದಲ್ಲಿ ಹಣ್ಣಾಗಲು ಇನ್ನೇನು ಒಂದು ಮನೆ ಇದೆ ಎನ್ನುವಾಗ ಹೊಡೆಸಿಕೊಂಡ ಕಾಯಿ ಮತ್ತೆ ಮೊದಲ ಮನೆಗೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳಿಗೂ ಜಾಗ ಕೊಟ್ಟರು. ರಾಜನಿಗೂ ಆಟ ವಿದ್ಯೆಯಾಗಿತ್ತು.

ಕಥೆ ಹೇಳುವ ಗೇಮ್‌ಗಳು ನನಗೆ ತಡವಾಗಿ ಸಿಕ್ಕವು. 2017ರ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ನಲ್ಲಿ ಲೂಯಿಸ್ ಎಂಬ ಹುಡುಗ ಮೀನಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ನಿಮ್ಮ ಬಲಗೈ ಮೀನನ್ನು ಎಳೆದು ಕತ್ತಿಯಡಿ ಇಟ್ಟು ತಲೆ ಕತ್ತರಿಸಿ ಪಟ್ಟಿಯ ಮೇಲೆ ಎಸೆಯುತ್ತಿರಬೇಕು, ನಿಲ್ಲಿಸುವ ಹಾಗಿಲ್ಲ. ಅದೇ ಹೊತ್ತಿಗೆ ಅವನ ಮನಸ್ಸಿನಲ್ಲಿ ಒಂದು ಹಗಲುಗನಸು ಶುರುವಾಗುತ್ತದೆ, ಅದರೊಳಗಿನ ಪುಟ್ಟ ಮನುಷ್ಯನನ್ನು ಎಡಗೈಯಲ್ಲಿ ನಡೆಸಬೇಕು. ಮೊದಲು ಮೂಲೆಯಲ್ಲಿದ್ದ ಕನಸು ಬೆಳೆದು ಬೆಳೆದು ಪರದೆಯನ್ನೆಲ್ಲ ತುಂಬುತ್ತದೆ, ಬಲಗೈ ಮಾತ್ರ ಕಾಣದ ಮೀನನ್ನು ಕತ್ತರಿಸುತ್ತಲೇ ಇರುತ್ತದೆ. ದಿನಗೂಲಿಯ ಮನಸ್ಸು ಹೇಗೆ ಎರಡಾಗುತ್ತದೆ ಎಂಬುದನ್ನು ಪುಸ್ತಕ ಹೇಳಬಲ್ಲದು, ಸಿನಿಮಾ ತೋರಿಸಬಲ್ಲದು. ಇದು ನನ್ನ ಎರಡು ಕೈಗಳಿಗೆ ಅದನ್ನು ಮಾಡಿತು. ಹೊಸದುರ್ಗದ ಸಾಣೇಹಳ್ಳಿಯಲ್ಲಿ ಶಿವಸಂಚಾರ ತಂಡದ ನಾಟಕ ನೋಡುತ್ತಾ ಬೆಳೆದವಳು ನಾನು. ಬಯಲು ರಂಗಮಂದಿರದ ಕಲ್ಲಿನ ಮೇಲೆ ಕೂತು ನಟನ ಬೆವರು ಕಂಡಾಗ ಆಗುತ್ತಿದ್ದ ಮೈನಡುಕ ಆ ಮೀನಿನ ಕಾರ್ಖಾನೆಯಲ್ಲಿ ಮತ್ತೆ ಆಯಿತು.

‘ರೆಡ್ ಡೆಡ್ ರಿಡೆಂಪ್ಶನ್ 2’ರ ಆರ್ಥರ್ ಮಾರ್ಗನ್‌ಗೆ ಕ್ಷಯ ಅಂಟುತ್ತದೆ. ಆಮೇಲೆ ನೀವು ಎಷ್ಟೇ ಚೆನ್ನಾಗಿ ಗುರಿ ಇಟ್ಟರೂ ಅದು ವಾಸಿಯಾಗುವುದಿಲ್ಲ. ಗೆಲ್ಲಲಾಗದು ಎಂದು ಗೊತ್ತಾದ ಮೇಲೆ ಉಳಿದ ದಿನಗಳಲ್ಲಿ ಯಾರ ಸಾಲ ಮನ್ನಾ ಮಾಡುತ್ತೀರಿ, ಯಾರ ಮನೆಗೆ ಸೌದೆ ಹಾಕುತ್ತೀರಿ ಎಂಬುದಷ್ಟೇ ನಿಮ್ಮ ಕೈಯಲ್ಲಿದೆ. 2018ರ ಆ ಆಟವನ್ನು ಕಟ್ಟಿದವರಲ್ಲಿ ಬೆಂಗಳೂರಿನ ರಾಕ್‌ಸ್ಟಾರ್ ಇಂಡಿಯಾದವರೂ ಇದ್ದರು. 1997ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಮುಂದೆ 2019ರಲ್ಲಿ ರಾಕ್‌ಸ್ಟಾರ್‌ನ ಕೈ ಸೇರಿತು. ಕರ್ನಾಟಕ ಸರ್ಕಾರ 2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ನೀತಿ ತಂದಿದೆ. ಅಮೆರಿಕದ ಹುಲ್ಲುಗಾವಲಿನ ಆಟಕ್ಕೆ ದುಡಿಯಬಲ್ಲ ಕೈಗಳು ಇಲ್ಲೇ ಇವೆ. ಪುಣೆಯ ಪುಟ್ಟ ತಂಡವೊಂದು 2020ರಲ್ಲಿ ‘ರಾಜಿ’ ಎಂಬ ಆಟ ಮಾಡಿ ತೋರಿಸಿದೆ. ಮಕ್ಕಳು ಆಡುವ ‘ಮೈನ್‌ಕ್ರಾಫ್ಟ್’ನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಈಗಾಗಲೇ ಇದೆ.

ಹಾಗಾದರೆ ದುರ್ಗದ ಆಟ ಎಲ್ಲಿ? ತರಾಸು ತಮ್ಮ ಕಾದಂಬರಿಗೆ ‘ದುರ್ಗಾಸ್ತಮಾನ’ ಎಂದು ಹೆಸರಿಟ್ಟು ಮುಖಪುಟದಲ್ಲೇ ಕೊನೆ ಹೇಳಿಬಿಟ್ಟರು. ಆದರೂ ಜನ ಓದಿದರು, ಈಗಲೂ ಓದುತ್ತಾರೆ. ನಾನು ಆಡಬಯಸುವ ಗೇಮ್ ಅಂಥದ್ದು. ಅದರಲ್ಲಿ ನಾನು ಮದಕರಿ ನಾಯಕ ಆಗಬೇಕಿಲ್ಲ, ಕತ್ತಿ ಬೀಸಬೇಕಿಲ್ಲ. ಉಗ್ರಾಣದ ಲೆಕ್ಕ ಬರೆಯುವವಳಾಗಿದ್ದರೆ ಸಾಕು. ಇವತ್ತಿನ ಪಡಿ ಎಷ್ಟು, ಯಾವ ಹೊಂಡದ ನೀರು ಯಾರಿಗೆ, ಬೀಸುಕಲ್ಲಿಗೆ ಕಟ್ಟಿದ ಎತ್ತುಗಳಿಗೆ ಮೇವು ಹಾಕಬೇಕೋ, ಮಕ್ಕಳಿರುವ ಮನೆಗೆ ರಾಗಿ ಕೊಡಬೇಕೋ. ಸೈನಿಕರು ಉಣ್ಣಬೇಕು. ನಂಬಿದವರು ಕೈಕೊಡುವ ಸಾಧ್ಯತೆ ಇರಬೇಕು. ಕಾಸು ಕೊಟ್ಟು ಒಂದು ದಿನ ಹೆಚ್ಚು ಕೊಳ್ಳುವ ಅಂಗಡಿ ಇರಬಾರದು. 1779 ಬಂದೇ ಬರುತ್ತದೆ. ಅಷ್ಟರೊಳಗೆ ಯಾರನ್ನು ಯಾವ ಕಳ್ಳದಾರಿಯಿಂದ ಕೆಳಗಿಳಿಸಿ ಕಳಿಸಿದೆ ಎಂಬುದೇ ಅಂಕ.

ಬೆಂಗಳೂರಿನ ಸ್ಟುಡಿಯೊಗಳಲ್ಲಿ ಕೂತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಶುರು ಮಾಡಿ. ಪಾತ್ರಗಳಿಗೆ ದನಿ ಕೊಡಲು ಸಾಣೇಹಳ್ಳಿಯಲ್ಲಿ ಕಲಿತ ನಟರಿದ್ದಾರೆ, ಅವರಿಗೆ ಗ್ರಂಥದ ಮಾತು ಕೊಡಬೇಡಿ, ಹೊಳಲ್ಕೆರೆ ಸಂತೆಯ ಮಾತನ್ನೇ ಕೊಡಿ. ಕೋಟೆಯ ಅಳತೆ ತೆಗೆಯಲು ಬರುವುದಾದರೆ ಬೇಸಿಗೆಯಲ್ಲಿ ಬರಬೇಡಿ. ಜೋರು ಮಳೆ ಹೊಯ್ದ ಮರುದಿನ ಬೆಳಗ್ಗೆ ಬನ್ನಿ, ಯಾವ ಹೊಂಡದ ನೀರು ಯಾವ ಕಾಲುವೆ ಹಿಡಿದು ಯಾವ ಹೊಂಡಕ್ಕೆ ಇಳಿಯುತ್ತದೆ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ನಿಮ್ಮ ಮ್ಯಾಪಿನ ಮೊದಲ ಗೆರೆಯನ್ನು ಅಲ್ಲಿಂದಲೇ ಎಳೆಯಬೇಕು.